ಜನರೇಟರ್ ಚಾಚಾ ಗಾಡಿ ಬದಲಿಸಿದ್ದು

ಚಾಚಾ ಕೆಲಸ ಬಿಟ್ಟರೆಂದು ನನಗೆ ತಿಳಿದದ್ದು ಅಗಡಿಯ ಒಂದು ಮದುವೆಯಲ್ಲಿ. ಅಕ್ಷತೆಯ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಭಟ್ಟರ ಮೈಕು ಬಂದ್ ಆಯಿತು, ಫ್ಯಾನುಗಳು ನಿಂತವು. ಸ್ವಲ್ಪ ಹೊತ್ತಿನ ಮೇಲೆ ಪೆಂಡಾಲಿನ ಹಿಂದೆ ಜನರೇಟರ್ ಗುರ್ ಎಂದಿತು. ಆ 'ಸ್ವಲ್ಪ ಹೊತ್ತು' ನನ್ನ ಮನಸ್ಸಿಗೆ ಹಿಡಿಸಲಿಲ್ಲ. ಚಾಚಾ ಇದ್ದಲ್ಲಿ ಅಷ್ಟು ಹೊತ್ತು ಆಗುತ್ತಿರಲಿಲ್ಲ. ಎದ್ದು ಹಿಂದೆ ಹೋಗಿ ನೋಡಿದರೆ ಅಲ್ಲಿ ಬೇರೆ ಯಾರೋ ಕುರ್ಚಿ ಹಾಕಿಕೊಂಡು ಫೋನಿನಲ್ಲಿ ಮಾತಾಡುತ್ತ ಕೂತಿದ್ದ.

"ಚಾಚಾ ಎಲ್ಲಿ?" ಎಂದೆ.

"ಅವರು ಬಿಟ್ರಲ್ರಿ. ನಮಗ ಕೊಟ್ರು ಎಲ್ಲಾ. ಈಗ ಮನ್ಯಾಗ ಇರ್ತಾರ."

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹಾವೇರಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡೇ ಇಲ್ಲ. ಜನರೇಟರ್ ಚಾಚಾ ಎಂದರೆ ಲಗ್ನದ ಮನೆಯವರಿಂದ ಹಿಡಿದು ಕೋರ್ಟಿನ ಮುಂದಿನ ಚಹಾದಂಗಡಿಯವರವರೆಗೆ ಎಲ್ಲರಿಗೂ ಗೊತ್ತು. ಎತ್ತರದ ಆಳು, ಸ್ವಲ್ಪ ಬಾಗಿದ ಹೆಗಲು. ಬಿಳಿ ಪೈಜಾಮದ ಮೇಲೆ ಖಾಕಿ ಅಂಗಿ. ಹತ್ತಿರ ಬಂದರೆ ಮೊದಲು ಡೀಸೆಲ್ ವಾಸನೆ, ಅದರ ಹಿಂದೆ ಅತ್ತರಿನ ವಾಸನೆ. ಎರಡೂ ಒಟ್ಟಿಗೆ ಬಂದರೆ ಈಗಲೂ ನಾನು ತಿರುಗಿ ನೋಡುತ್ತೇನೆ.

ಎರಡು ಸಾವಿರದ ಇಸವಿ ಆದಮೇಲಿನ ಆ ಕೆಲವು ವರ್ಷ ನಾನು ರಾಣೆಬೆನ್ನೂರಿನಲ್ಲಿ ಒಂದು ಗಾಡಿಯ ಶೋರೂಮಿನಲ್ಲಿ ಸೇಲ್ಸ್ ಕೆಲಸಕ್ಕಿದ್ದೆ. ಬೀಜದ ಕಂಪನಿಗಳು, ಹತ್ತಿ ವ್ಯಾಪಾರ, ಗೋವಿನಜೋಳ ಎಲ್ಲ ಏರುಮುಖದಲ್ಲಿದ್ದ ಕಾಲ ಅದು. ಪಿಕಪ್ ಗಾಡಿ ಕೇಳಿಕೊಂಡು ದಿನಾ ಯಾರಾದರೂ ಬರುತ್ತಿದ್ದರು. ನಮ್ಮದು ಒಂದು ಕಂಪನಿ, ಹೆದ್ದಾರಿಯ ಆಚೆ ಬದಿಗೆ ಇನ್ನೊಂದು ಕಂಪನಿ. ಆ ಹೆಸರುಗಳನ್ನೂ ನಾನು ಬರೆಯುವುದಿಲ್ಲ. ಚಾಚಾ ಕೂಡ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅವರಿಗೆ 'ನಮ್ಮದು' ಮತ್ತು 'ನಿಮ್ಮದು' ಅಷ್ಟೇ. 'ನಮ್ಮದು' ಎಂದರೆ ಅವರ ಬಳಿ ಇದ್ದ ಹಳೆಯ ಹಸಿರು ಪಿಕಪ್ಪಿನ ಕಂಪನಿ, ಹೆದ್ದಾರಿಯ ಆಚೆಯದು. ಅದಕ್ಕೂ ಮೊದಲಿದ್ದ ಜೀಪೂ ಅದೇ ಕಂಪನಿಯದು.

ಆದರೂ ರಾಣೆಬೆನ್ನೂರಿಗೆ ಬಂದಾಗಲೆಲ್ಲ ಅವರು ನಮ್ಮ ಶೋರೂಮಿಗೆ ಬರುತ್ತಿದ್ದರು. ಹೊಸ ಗಾಡಿ ನಿಲ್ಲಿಸಿದ್ದರೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ಬಾನೆಟ್ ತೆಗೆಸಿ, ಕೈ ಹಿಂದೆ ಕಟ್ಟಿಕೊಂಡು ಒಂದು ಸುತ್ತು ಹಾಕುತ್ತಿದ್ದರು. ನಾನು ಕಲಿತ ಪಾಠವನ್ನೆಲ್ಲ ಒಪ್ಪಿಸುತ್ತಿದ್ದೆ. ಅವರು ಕೊನೆಯ ತನಕ ಕೇಳಿ, ಕಪ್ಪು-ಬಸಿಯಲ್ಲಿ ಚಹಾ ಕುಡಿದು, ಹೋಗುವಾಗ ಹೇಳುವುದು ಒಂದೇ ಮಾತು.

"ಚಂದ ಐತಿ ತಮ್ಮಾ. ನಮ್ಮದಲ್ಲ."

ನಮ್ಮ ಮಾಲಕರಿಗೆ ಇದು ಸಿಟ್ಟು ತರಿಸುತ್ತಿತ್ತು. "ಆ ಮುದುಕಗ ಚಹಾ ಕುಡಿಸೂದು ಬಿಡು" ಎನ್ನುತ್ತಿದ್ದರು. ನನಗೆ ಬಿಡಲು ಆಗಲಿಲ್ಲ. ಅವರು ಬಂದರೆ ಶೋರೂಮಿಗೊಂದು ಕಳೆ ಬರುತ್ತಿತ್ತು. ಹೊರಗೆ ರಸ್ತೆಯಲ್ಲಿ ಹೋಗುವ ಗಾಡಿಯ ಸದ್ದು ಕೇಳಿಯೇ ಯಾವ ಕಂಪನಿಯದು ಎಂದು ಹೇಳುತ್ತಿದ್ದರು. ಅರ್ಧ ಸಲ ತಪ್ಪುತ್ತಿತ್ತು. ತಪ್ಪಿದಾಗ, "ಸೈಲೆನ್ಸರ್ ಬದ್ಲಿ ಮಾಡ್ಸ್ಯಾನ ಮಗ" ಎಂದು ಆ ಗಾಡಿಯವನ ಮೇಲೆಯೇ ಹಾಕಿಬಿಡುತ್ತಿದ್ದರು.

ಅವರ ಹಟದ ಕತೆಗಳು ಊರ ತುಂಬ ಇದ್ದವು. ಒಮ್ಮೆ ಮೋಟೆಬೆನ್ನೂರಿನ ಹತ್ತಿರ ಅವರ ಪಿಕಪ್ ಕೆಟ್ಟು ನಿಂತು, ಜೋರು ಮಳೆ. ಪರಿಚಯದ ವ್ಯಾಪಾರಸ್ಥರೊಬ್ಬರು ಕಾರು ನಿಲ್ಲಿಸಿ ಬಾಗಿಲು ತೆಗೆದರಂತೆ. ಚಾಚಾ ಕಾರಿನ ಮುಂದೆ ಬಂದು ಹೆಸರು ನೋಡಿ, "ನೀವ್ ನಡೀರಿ ಸಾವ್ಕಾರ್ರ, ನಾ ಬಸ್ಸಿಗೆ ಬರ್ತೀನಿ" ಎಂದು ತೊಯ್ಸಿಕೊಂಡು ನಿಂತರಂತೆ. ಬಸ್ಸು ಯಾವ ಕಂಪನಿಯದು ಎಂದು ಯಾರೋ ಕೇಳಿದ್ದಕ್ಕೆ, "ಬಸ್ಸು ಸರಕಾರದ್ದು" ಎಂದಿದ್ದರು. ಮಗಳಿಗೆ ಗಂಡು ನೋಡಲು ಶಿಗ್ಗಾವಿಗೆ ಹೋದಾಗ ಆ ಮನೆಯ ಅಂಗಳದಲ್ಲಿ 'ನಮ್ಮದು' ನಿಂತಿದ್ದು ಕಂಡು, ಹುಡುಗ ಹೊರಗೆ ಬರುವ ಮೊದಲೇ ಒಪ್ಪಿಗೆ ಹೇಳಿದ್ದರಂತೆ. ಇದನ್ನು ಹೇಳಿದವರು ಅವರ ಹೆಂಡತಿ, ನಾನು ಚಾಚಿ ಎಂದು ಕರೆಯುತ್ತಿದ್ದವರು. "ಪುಣ್ಯಾಕ ಹುಡಗಾನೂ ಚೊಲೋ ಇದ್ದ" ಎಂದು ಅವರು ಸೇರಿಸುತ್ತಿದ್ದರು.

ಕೆಲಸದಲ್ಲಿ ಮಾತ್ರ ಅವರು ಬೇರೆಯದೇ ಮನುಷ್ಯ. ಆಗೆಲ್ಲ ಹೊತ್ತು ಗೊತ್ತಿಲ್ಲದೆ ಕರೆಂಟು ತೆಗೆಯುತ್ತಿದ್ದರು. ಮದುವೆ ಇರಲಿ, ನಿಖಾ ಇರಲಿ, ಶಾಲೆಯ ಗ್ಯಾದರಿಂಗ್ ಇರಲಿ, ಮುಖ್ಯ ಗಳಿಗೆ ಮುಗಿಯುವ ತನಕ ಅವರು ಊಟಕ್ಕೆ ಕೂಡುತ್ತಿರಲಿಲ್ಲ. ಜನರೇಟರ್ ಪಕ್ಕ ನಿಂತೇ ಇರುತ್ತಿದ್ದರು, ಒಂದು ಕೈ ಅದರ ಮೇಲೆ. ಒಮ್ಮೆ ನಾನು, "ಕುಂದ್ರ್ರಿ ಚಾಚಾ, ಕರೆಂಟ್ ಐತೆಲ್ಲ" ಎಂದೆ.

"ಕರೆಂಟ್ ಹೋತಂದ್ರ ಜನಾ ನನ್ನ ಹುಡಕ್ತಾರ" ಎಂದರು. "ಇದ್ರ ಮದುಮಗಳನ್ನ ನೋಡ್ತಾರ. ಜನಾ ನನ್ನ ಹುಡಕಬಾರದು ತಮ್ಮಾ. ಅದ ನನ್ನ ಕೆಲಸ."

ಹೀಗಿರುವಾಗ ಕಲ್ಯಾಣ ಮಂಟಪದವರು ಹೊಸ ರಾಗ ಶುರು ಮಾಡಿದರು. ಸದ್ದು ಮಾಡುವ ಹಳೆಯ ಜನರೇಟರ್ ಬೇಡ, ಪೆಟ್ಟಿಗೆಯೊಳಗೆ ಕೂತು ಸದ್ದಿಲ್ಲದೆ ಓಡುವ ದೊಡ್ಡದು ಬೇಕು. ಚಾಚಾ ತಂದರು. ಎರಡು ಗಾಲಿಯ ಗಟ್ಟಿ ಟ್ರೇಲರ್ ಮಾಡಿಸಿ ಅದರ ಮೇಲೆ ಕೂಡಿಸಿದರು. ಸಣ್ಣ ಕೋಣೆಯಷ್ಟಿತ್ತು ಅದು. ಹಸಿರು ಪಿಕಪ್ ಅದರ ಮುಂದೆ ನಿಂತರೆ ಯಾರು ಯಾರನ್ನು ಎಳೆಯುತ್ತಾರೆ ಎಂದು ಅನುಮಾನ ಬರುವ ಹಾಗಿತ್ತು. ಮೊದಲ ಸಲ ನೋಡಿದಾಗಲೇ ನಾನು ಹೇಳಿದೆ.

"ಚಾಚಾ, ಗಾಡಿಗಿಂತ ಜನರೇಟರ್ ಭಾರ ಐತಿ. ಎಳೀಬಹುದು. ಇಳಕಲ್ದಾಗ ಅದು ಹಿಂದಿಂದ ನೂಕ್ತದಲ್ಲ, ಆವಾಗ ಬ್ರೇಕ್ ತಡೀಬೇಕಲ್ಲ?"

"ನೀ ನಿಮ್ಮ ಗಾಡಿ ಮಾರಾಕ ಹೇಳಾಕತ್ತಿ."

"ನಮ್ದ ತಗೋರಿ ಅನ್ನಂಗಿಲ್ಲ. ನಿಮ್ಮ ಕಂಪನೀದ ದೊಡ್ಡದರ ತಗೋರಿ."

"ಅದು ಬರಾಕತ್ತೈತಿ. ಹೊಸಾದು. ಬಂದ ಮ್ಯಾಲ ನೋಡೂಣು."

ಅವರ ಕಂಪನಿಯ ಆ ಹೊಸ ಗಾಡಿ ಬರುತ್ತದೆ ಬರುತ್ತದೆ ಎಂದು ಎಷ್ಟೋ ದಿನದಿಂದ ಸುದ್ದಿ ಇತ್ತು. ಬಂದಿರಲಿಲ್ಲ. ಚಾಚಾ ಕಾಯುತ್ತಿದ್ದರು, ಕಾಯುತ್ತಲೇ ಎಳೆಯುತ್ತಿದ್ದರು.

ಆ ಚಳಿಗಾಲದಲ್ಲಿ ಒಂದು ಮುಂಜಾನೆ ನಾನು ಬ್ಯಾಡಗಿಗೆ ಹೋಗಬೇಕಿತ್ತು. ಮೆಣಸಿನಕಾಯಿಯ ದಲಾಲರೊಬ್ಬರು ಗಾಡಿ ಕೇಳಿದ್ದರು. ಹಾವೇರಿಯಲ್ಲಿ ಬಸ್ಸು ಕಾಯುತ್ತಿದ್ದಾಗ ಚಾಚಾ ಬಂದು ನಿಲ್ಲಿಸಿದರು. ಅವರೂ ಬ್ಯಾಡಗಿಗೇ, ಒಂದು ಮದುವೆಗೆ. ಅಲ್ಲಿ ತಂಗಿಯ ಮನೆಯಿದ್ದುದರಿಂದ ಚಾಚಿಯೂ ಜೊತೆಗಿದ್ದರು. ನಾನು ಬಾಗಿಲ ಬದಿಗೆ ಕೂತೆ. ಊರು ದಾಟಿದ್ದೇ ಮೆಣಸಿನಕಾಯಿ ಘಾಟು ಗಾಳಿಯಲ್ಲಿ ಬರತೊಡಗಿತು, ಚಾಚಿ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಚಾಚಾ ಖುಷಿಯಲ್ಲಿದ್ದರು. ಸ್ಟೀರಿಂಗ್ ತಟ್ಟಿ, "ನೋಡು, ಹ್ಯಾಂಗ ಹೊಂಟೈತಿ" ಎಂದರು.

ಬ್ಯಾಡಗಿ ಇನ್ನೂ ಸ್ವಲ್ಪ ದೂರವಿದ್ದಾಗ ಒಂದು ರೈಲ್ವೆ ಗೇಟು. ಅಲ್ಲಿ ಹಳಿ ಎತ್ತರದಲ್ಲಿ, ರಸ್ತೆ ತಗ್ಗಿನಲ್ಲಿ, ನಡುವೆ ಗಿಡ್ಡ ಏರು. ಗೇಟು ತೆರೆದಿತ್ತು. ಚಾಚಾ ಗೇರ್ ಇಳಿಸಿ ಏರಿಸಿದರು. ಪಿಕಪ್ ಹಳಿ ದಾಟಿತು. ಟ್ರೇಲರ್ ಗಾಲಿ ಹಳಿಯ ಸಂದಿಗೆ ಬಂದದ್ದೇ ಗಾಡಿ ಉಸಿರು ಕಟ್ಟಿದಂತಾಗಿ ನಿಂತಿತು. ಮತ್ತೆ ಶುರು ಮಾಡಿ ಎಳೆದರು. ಇಂಜಿನ್ ಕಿರುಚಿತು, ಗಾಡಿ ಕದಲಲಿಲ್ಲ. ಕ್ಲಚ್ ಸುಟ್ಟ ವಾಸನೆ ಒಳಗೆ ತುಂಬಿತು.

ಅಷ್ಟರಲ್ಲಿ ಗೇಟಿನ ಮನೆಯೊಳಗೆ ಫೋನ್ ರಿಂಗಾಯಿತು. ಗೇಟಿನವನು ಹೊರಗೆ ಬಂದು ನಮ್ಮ ಕಡೆ ನೋಡಿದ.

ನಾನು ಚಾಚಾರ ಕಡೆ ತಿರುಗಿದೆ. ಅವರ ಕೈ ಚಾವಿಯ ಮೇಲಿತ್ತು. ತಿರುಗಿಸುತ್ತಿರಲಿಲ್ಲ. ಮುಖದಲ್ಲಿ ರಕ್ತವಿರಲಿಲ್ಲ. ಮದುವೆಯಲ್ಲಿ ಸಾವಿರ ಜನ ಕತ್ತಲಲ್ಲಿ ಕೂಗಿದರೂ ಅಲುಗದ ಮನುಷ್ಯ, ಎದುರಿನ ಗಾಜಿನಲ್ಲಿ ಏನೋ ಕಂಡವರ ಹಾಗೆ ಕೂತುಬಿಟ್ಟಿದ್ದರು. "ಚಾಚಾ, ಇಳೀರಿ" ಎಂದೆ. ಕೇಳಿಸಿದಂತೆ ಕಾಣಲಿಲ್ಲ.

ಚಾಚಿ ನನ್ನ ತೋಳು ಹಿಡಿದು, "ನೀ ಮೊದಲ ಇಳಿ" ಎಂದರು. ನಾನಿಳಿದೆ. ಅವರೂ ಇಳಿದು, ಆ ಕಡೆಯ ಬಾಗಿಲು ತೆಗೆದು, ಗಂಡನ ಕೈಯನ್ನು ಚಾವಿಯಿಂದ ಬಿಡಿಸಿ, ಮಗುವನ್ನು ಇಳಿಸಿಕೊಂಡಂತೆ ಇಳಿಸಿಕೊಂಡರು. ಆಮೇಲೆ ಗೇಟಿನ ಹಿಂದೆ ನಿಂತ ಟೆಂಪೊ ಕಡೆ ಹೋದರು. ಬ್ಯಾಡಗಿಗೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುವ ಹೆಣ್ಣುಮಕ್ಕಳು ಅದರ ತುಂಬ ಇದ್ದರು.

"ಯವ್ವಾ, ಇಳೀರಿ. ಸ್ವಲ್ಪ ಕೈ ಹಚ್ರಿ" ಎಂದರು ಚಾಚಿ. ದನಿ ಎತ್ತರಿಸಲೂ ಇಲ್ಲ.

ಅವರು ಇಳಿದರು. ಅವರ ಹಿಂದೆ ಎರಡು ಮೋಟರ್‌ಸೈಕಲ್ಲಿನವರು, ಒಬ್ಬ ಹಾಲಿನವನು, ಗೇಟಿನವನು. ಟ್ರೇಲರ್ ಹಿಂದೆ ಬಳೆಗಳ ಸದ್ದು, ಕೆಮ್ಮು, "ಹೂಂ, ಈಗ" ಎಂಬ ಮಾತು. ನಾನು ಸ್ಟೀರಿಂಗ್ ಹಿಡಿದೆ. ಒಮ್ಮೆ ಹಿಂದೆ ಸರಿದು ಮತ್ತೆ ಮುಂದೆ ಬಂದಾಗ ಗಾಲಿ ಹಳಿಯ ಮೇಲೆ ಹತ್ತಿತು, ದಾಟಿತು, ಆಚೆಯ ಇಳಕಲಿಗೆ ಬಂತು. ಅಲ್ಲಿ ಅದು ನನ್ನನ್ನು ನೂಕಿದ ರಭಸಕ್ಕೆ ಬ್ರೇಕಿನ ಮೇಲೆ ಎದ್ದು ನಿಲ್ಲಬೇಕಾಯಿತು. ರಸ್ತೆ ಬದಿಯ ಮಣ್ಣಿಗೆ ಮೂತಿ ಹಚ್ಚಿ ಗಾಡಿ ನಿಂತಿತು.

ಗೇಟು ಬಿತ್ತು. ಗೇಟಿನವನು ಒಂದು ತಂಬಿಗೆ ನೀರು ತಂದು ಚಾಚಾರಿಗೆ ಕೊಟ್ಟ.

"ಅಂಜಬ್ಯಾಡ್ರಿ ಹಿರ್ಯಾರ. ಗೇಟ್ ಹಾಕೂತನಕ ಸಿಗ್ನಲ್ ಬೀಳಂಗಿಲ್ಲ. ಸಿಗ್ನಲ್ ಬೀಳದ ರೈಲು ಬರಂಗಿಲ್ಲ. ಅದು ದೂರ ನಿಂತಿತ್ತು."

"ಖರೇ?" ಎಂದರು ಚಾಚಾ.

"ಖರೇರಿ. ನೀವು ನಾಷ್ಟಾ ಮಾಡಿ ದಾಟಿದ್ರೂ ನಿಂತಿರ್ತಿತ್ತು. ನನಗ ಬೈತಿದ್ರು, ಅಷ್ಟ."

ಸ್ವಲ್ಪ ಹೊತ್ತಿಗೆ ರೈಲು ಬಂತು, ಹೋಯಿತು. ಕಿಟಕಿಯಲ್ಲಿ ಜನ ಬಾಳೆಹಣ್ಣು ತಿನ್ನುತ್ತ ನಮ್ಮನ್ನು ನೋಡಿಕೊಂಡು ಹೋದರು. ಚಾಚಾ ಹಳಿಗೆ ಬೆನ್ನು ಮಾಡಿ ಕಲ್ಲಿನ ಮೇಲೆ ಕೂತಿದ್ದರು. ಹೆಣ್ಣುಮಕ್ಕಳು ಕೈ ಒರೆಸಿಕೊಂಡು ಟೆಂಪೊ ಹತ್ತಿದರು. ಅವರಲ್ಲಿ ಒಬ್ಬಳು ಚಾಚಿಗೆ, "ಆ ಗಾಡಿ ಮಾರಿ ಒಂದ್ ಎಮ್ಮಿ ತಗೋರಿ" ಎಂದಳು. ಚಾಚಿ ನಕ್ಕುಬಿಟ್ಟರು. ಮದುವೆಗೆ ಜನರೇಟರ್ ಒಂದು ಟ್ರ್ಯಾಕ್ಟರಿನ ಹಿಂದೆ ಹೊತ್ತಿಗೆ ಸರಿಯಾಗಿ ಹೋಯಿತು.

ಆಮೇಲೆ ಒಂದು ವಾರಕ್ಕೆ ಚಾಚಿ ಒಬ್ಬರೇ ಬಸ್ಸಿನಲ್ಲಿ ನಮ್ಮ ಶೋರೂಮಿಗೆ ಬಂದರು. ಬುರ್ಖಾದ ಮುಸುಕು ಹಿಂದೆ ಸರಿಸಿ, ಕುರ್ಚಿಯ ಅಂಚಿನಲ್ಲಿ ಕೂತು, ನೀರು ಕುಡಿದು ಕೇಳಿದರು.

"ನಿಮ್ಮದು ಅದನ್ನ ಎಳೀತದೋ ಇಲ್ಲೋ?"

ನಮ್ಮಲ್ಲಿ ಆಗ ಎರಡು ಪಿಕಪ್ ಇದ್ದವು. ಒಂದು ಹೊಸದು, ಕಾರಿನಂತೆ ಮೆತ್ತಗೆ, ಹಿಂದೆಯೂ ಸೀಟು, ನೋಡಲು ಚಂದ. ಇನ್ನೊಂದು ಬೋಳು ಗಾಡಿ. ಗಾಲಿಯ ಮೇಲೆ ಗಟ್ಟಿ ಸ್ಪ್ರಿಂಗ್ ಪಾಟಾ, ದೊಡ್ಡ ಇಂಜಿನ್, ಸಾವಕಾಶ ಓಡುವ, ಆದರೆ ಭಾರಕ್ಕೆ ಬಗ್ಗದ ಗಾಡಿ. ಅದನ್ನು ಯಾರೂ ಕೇಳುತ್ತಿರಲಿಲ್ಲ. ಮಾಲಕರು ಒಳಗಿನಿಂದ ಚಂದದ್ದನ್ನು ತೋರಿಸು ಎಂದು ಕಣ್ಣಲ್ಲಿ ಹೇಳಿದರು.

"ಇದು ಬ್ಯಾಡ್ರಿ ಚಾಚಿ" ಎಂದೆ. "ಇದು ಕುಂದ್ರಾಕ ಚೊಲೋ. ನಿಮ್ಮ ಜನರೇಟರಿಗೆ ಆ ಬೋಳು ಗಾಡಿ. ಅದು ಎಳೀತದ ಅನಸ್ತದ. ಆದರ ನನ್ನ ಮಾತ ನಂಬಬ್ಯಾಡ್ರಿ. ಜನರೇಟರ್ ಕಟ್ಟಿ ಆ ಗೇಟಿನ ಮ್ಯಾಲ ಹೋಗಿ ನೋಡೂಣು. ಎಳದ್ರ ತಗೋರಿ, ಇಲ್ಲಾಂದ್ರ ನಾನ ಬ್ಯಾಡ ಅಂತೀನಿ."

ಚಾಚಿ ಹೋದ ಮೇಲೆ ಮಾಲಕರು ನನ್ನನ್ನು ಕರೆದು, ಶೋರೂಮಿನ ಗಾಡಿಗೆ ಅಷ್ಟು ಭಾರ ಕಟ್ಟುವುದು ಹುಚ್ಚು ಎಂದರು. ಕ್ಲಚ್ ಹೋದರೆ ನೀನು ನಾಳೆಯಿಂದ ಬರಬೇಡ ಎಂದೂ ಹೇಳಿದರು. ಅವರ ಮಾತಿನಲ್ಲೂ ತಪ್ಪಿರಲಿಲ್ಲ. ಆದರೆ ಆ ಇಳಕಲಿನಲ್ಲಿ ನನ್ನ ಬೆನ್ನ ಹಿಂದೆ ಬಂದ ಆ ತೂಕ ನನಗಿನ್ನೂ ನೆನಪಿತ್ತು. ಹೂಂ ಎಂದೆ. ಹಿಂದೆ ಹುಕ್ಕು ಹಾಕಿಸಿ, ಭಾನುವಾರ ಮುಂಜಾನೆ ಗಾಡಿ ತೆಗೆದುಕೊಂಡು ಹಾವೇರಿಗೆ ಹೋದೆ.

ಚಾಚಾರ ಹಿತ್ತಲಲ್ಲಿ, ಜನರೇಟರ್ ಜೊತೆಗೆ ಬಾಡಿಗೆಗೆ ಕೊಡುವ ಶಾಮಿಯಾನದ ಬಟ್ಟೆ ಒಣಗಲು ಹಾಕಿದ್ದರು. ಅವರೇ ಬಗ್ಗಿ ಟ್ರೇಲರ್ ಕಟ್ಟಿದರು, ಸರಪಳಿ ಹಾಕಿದರು, ಗಾಲಿಯ ಗಾಳಿ ನೋಡಿದರು. ಎಲ್ಲ ಆದಮೇಲೆ ಗಾಡಿಯಿಂದ ದೂರ ಸರಿದು ನಿಂತರು.

"ನೀ ಹೋಗಿ ಬಾ" ಎಂದರು.

"ಹೊಡೆಯೋರು ನೀವಲ್ಲೇನ್ರಿ? ನಾ ನೋಡಿ ಏನ್ ಮಾಡ್ಲಿ?"

"ಇಲ್ಲ ತಮ್ಮಾ. ನನಗ ಆಗಂಗಿಲ್ಲ."

ಇಷ್ಟು ವರ್ಷ ಅವರ ಈ ಹಟ ಕಂಡು ನಕ್ಕವನು ನಾನು. ಅವತ್ತು ನಗು ಬರಲಿಲ್ಲ, ಸಿಟ್ಟು ಬಂತು. "ಚಾಚಾ, ಕಂಪನಿ ಮ್ಯಾಲ ಇಷ್ಟು ಅಭಿಮಾನ ಯಾಕ್ರಿ? ಅವರೇನು ನಿಮ್ಮ ಬೀಗರ?" ಎಂದುಬಿಟ್ಟೆ.

ಅವರು ಒಣಗಿದ ಬಟ್ಟೆಯ ಒಂದು ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ನಿಂತರು. ಆಮೇಲೆ ಹೇಳಿದರು.

"ಅಭಿಮಾನ ಅಲ್ಲಪಾ. ಅಂಜಿಕಿ."

ಅವರ ಲಗ್ನ ಹರಿಹರದ ಕಡೆ ಆಗಿತ್ತು. ಆಗ ಅವರು ಇನ್ನೊಬ್ಬರ ಜೀಪಿಗೆ ಡ್ರೈವರ್, ಆ ಜೀಪೂ 'ನಮ್ಮದು' ಕಂಪನಿಯದೇ. ತಮ್ಮದೇ ಮದುವೆಗೆ ತಾವೇ ಜೀಪು ಹೊಡೆದುಕೊಂಡು ಹೋಗಿದ್ದರು. ಕತ್ತಲಲ್ಲಿ ಮರಳಿ ಬರುವಾಗ ಪಕ್ಕದಲ್ಲಿ ಹೊಸ ಹೆಂಡತಿ, ಹಿಂದೆ ಅಕ್ಕ, ಅಕ್ಕನ ಮಕ್ಕಳು, ಅತ್ತೆಯ ಕಡೆಯ ಇಬ್ಬರು. ಕಾಲುವೆಯ ದಂಡೆಯ ಮೇಲೆ ಎದುರಿಗೆ ಚಕ್ಕಡಿ ಬಂತೆಂದು ಬದಿಗೆ ಸರಿಸಿದರು, ದಂಡೆ ಕುಸಿದು ಜೀಪು ಉರುಳಿ ಕಾಲುವೆಗೆ ಬಿತ್ತು. ತಲೆಗೆ ಪೆಟ್ಟು ಬಿದ್ದು ಅವರಿಗೆ ಎಚ್ಚರ ತಪ್ಪಿತ್ತು. ದವಾಖಾನೆಯಲ್ಲಿ ಕಣ್ಣು ಬಿಟ್ಟಾಗ ಎಲ್ಲರೂ ಜೀವಂತ ಇದ್ದರು. ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿದರು: ಗಾಡಿ ಗಟ್ಟಿ ಇತ್ತಂತ ಉಳಿದಿರಿ, ಬೇರೆ ಗಾಡಿ ಆಗಿದ್ದರೆ ನೀರಿನೊಳಗೆ ಒಬ್ಬರೂ ಉಳಿಯುತ್ತಿರಲಿಲ್ಲ.

"ಅವತ್ತಿನಿಂದ ನನ್ನ ಮಂದೀನ ಬ್ಯಾರೆ ಗಾಡ್ಯಾಗ ಕೂಡ್ಸಿಲ್ಲ ತಮ್ಮಾ. ನಾನೂ ಕುಂತಿಲ್ಲ. ಕುಂತ್ರ ನೀರು ಕಾಣ್ತದ. ಆ ಗೇಟಿನ್ಯಾಗ ನಮ್ಮದರಾಗ ಕುಂತಾಗೂ ನೀರ ಕಂಡ್ತು. ಈಗ ಯಾವುದರಾಗ ಕುಂದ್ರೂದು ಅನ್ನೂದ ತಿಳೀವಲ್ದು."

ಚಾಚಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಗಂಡ ಹೆಂಡತಿ ತಮ್ಮೊಳಗೆ ಮಾತಾಡುವುದು ಯಾವಾಗಲೂ ಉರ್ದುವಿನಲ್ಲಿ. ಅವತ್ತು ಚಾಚಿ ಕನ್ನಡದಲ್ಲಿ, ನನ್ನ ಮುಖ ನೋಡಿಕೊಂಡು ಹೇಳಿದರು. ಗಂಡನಿಗೆ ನೇರ ಹೇಳುವುದು ಅವರಿಗೆ ಕಷ್ಟವಾಗಿತ್ತೇನೋ.

"ಇವರಿಗೆ ಹೇಳು ತಮ್ಮಾ. ಕಾಲುವ್ಯಾಗ ಅವತ್ತ ನೀರ ಇರಲಿಲ್ಲ."

ಚಾಚಾ ತಲೆ ಎತ್ತಿದರು.

"ನೀರು ಬಂದ್ ಮಾಡಿದ್ರು. ಮೊಳಕಾಲ ಮಟ ಕೆಸರಿತ್ತು, ಮೆತ್ತಗಿತ್ತು. ನಾ ಅದರಾಗ ಬಿದ್ದು ನಾನ ಎದ್ದೆ. ಇವರ ಅಕ್ಕನ ಮಕ್ಕಳು ಕೆಸರಾಗ ನಿಂತು ನಗಾಕತ್ತಿದ್ದೂವು. ನನ್ನ ಲಗ್ನದ ಸೀರಿ ಕೆಟ್ಟಿತು. ಇವರ ತಲಿ ಒಡೀತು. ಅಷ್ಟ ಆಗಿದ್ದು."

ಚಾಚಾ ಬೆರಳಿಗೆ ಸುತ್ತಿದ್ದ ಬಟ್ಟೆ ಬಿಟ್ಟು ಕನ್ನಡದಲ್ಲೇ ಕೇಳಿದರು, "ಇಷ್ಟು ದಿನ ಯಾಕ ಹೇಳಲಿಲ್ಲ?"

"ನೀವು ಕೇಳಲೇ ಇಲ್ಲ. ಆ ಮಾತು ಬಂದ್ರ ಎದ್ದು ಹೋಗ್ತಿದ್ರಿ." ಈಗ ಚಾಚಿ ಗಂಡನ ಕಡೆಗೇ ತಿರುಗಿದ್ದರು. "ದವಾಖಾನಿಯಿಂದ ಬಂದ ಮ್ಯಾಲ ಸ್ಟೀರಿಂಗ್ ಮುಟ್ಟಾಕ ಅಂಜತಿದ್ರಿ. ಗಾಡಿ ಗಟ್ಟಿ ಐತಿ ಅಂದ ಮ್ಯಾಲ ಕುಂತ್ರಿ, ಹೊಡದ್ರಿ, ಮನಿ ನಡೀತು. ಆ ನಂಬಿಕಿ ಇರ್ಲಿ ಅಂತ ಬಿಟ್ಟೆ. ಈಗ ಅದ ನಂಬಿಕಿ ನಿಮ್ಮನ್ನ ಹಳಿ ಮ್ಯಾಲ ನಿಲ್ಲಿಸ್ತು. ಅದಕ್ಕ ಹೇಳಾಕತ್ತೇನಿ."

ಹೇಳಿದವರು ಚಪ್ಪಲಿ ಮೆಟ್ಟಿಕೊಂಡು ಬಂದು, ನಮ್ಮ ಬೋಳು ಗಾಡಿಯ ಬಾಗಿಲು ತೆಗೆದು, ನಡುವಿನ ಜಾಗದಲ್ಲಿ ಕೂತರು. ಸೆರಗು ಸರಿಮಾಡಿಕೊಂಡು ಎದುರಿಗೆ ನೋಡುತ್ತ ಕಾದರು.

ಚಾಚಾ ಗಾಡಿಯ ಮುಂದಿನಿಂದ ಸುತ್ತಿ ಬಂದರು. ಹೆಸರಿನ ಕಡೆ ನೋಡಿದರೋ ಇಲ್ಲವೋ ನಾನು ಗಮನಿಸಲಿಲ್ಲ. ನನ್ನ ಕಣ್ಣು ಅವರ ಕೈಯ ಮೇಲಿತ್ತು. ಬಾಗಿಲ ಹಿಡಿಯನ್ನು ಒಮ್ಮೆ ಮುಟ್ಟಿ ಬಿಟ್ಟರು, ಮತ್ತೆ ಹಿಡಿದರು. ಹತ್ತಿ ಕೂತು, ಬಾಯೊಳಗೆ ಏನೋ ಹೇಳಿಕೊಂಡು, ಚಾವಿ ತಿರುಗಿಸಿದರು.

ಹಾವೇರಿಯಿಂದ ಹೊರಬೀಳುವ ತನಕ ಅವರು ಎತ್ತಿನ ಗಾಡಿಯಷ್ಟು ಸಾವಕಾಶ ಹೊಡೆದರು. ಹೆದ್ದಾರಿ ಅಗಲ ಮಾಡುವ ಕೆಲಸ ನಡೆದಿತ್ತು. ಬದಿ ರಸ್ತೆ, ಜಲ್ಲಿ, ಧೂಳು. ಟ್ರೇಲರ್ ಹಿಂದೆ ತಗ್ಗಿಗೆ ಬಿದ್ದಾಗಲೆಲ್ಲ ಅವರ ಹೆಗಲು ಬಿಗಿಯುತ್ತಿತ್ತು. ಗಾಡಿ ಮಾತ್ರ ಎಳೆದುಕೊಂಡು ಹೋಗುತ್ತಿತ್ತು. ಆ ರೈಲ್ವೆ ಗೇಟು ಬಂದಾಗ ಅದು ಮುಚ್ಚಿತ್ತು. ನಾವು ಕಾದೆವು. ಒಂದು ಗೂಡ್ಸ್ ರೈಲು ಹೋಯಿತು, ಬಹಳ ಉದ್ದದ್ದು. ಗೇಟು ಎದ್ದಿತು. ಗೇಟಿನವನು ನಮ್ಮನ್ನು ಕಂಡು ಗುರುತು ಹಿಡಿದು, ಬಂದು ಬದಿಗೆ ನಿಂತ.

ಚಾಚಾ ಗೇರ್ ಇಳಿಸಿದರು. ಪಿಕಪ್ ಏರಿತು, ಹಳಿ ದಾಟಿತು. ಟ್ರೇಲರ್ ಗಾಲಿ ಸಂದಿಗೆ ಬಂದಾಗ ಗಾಡಿ ಒಮ್ಮೆ ಹಿಂದಕ್ಕೆ ಜಗ್ಗಿತು. ಚಾಚಿ ನನ್ನ ಮೊಳಕೈ ಹಿಡಿದರು. ಇಂಜಿನ್ ದನಿ ಸ್ವಲ್ಪ ದಪ್ಪವಾಯಿತು, ಅಷ್ಟೇ. ಜನರೇಟರ್ ಹತ್ತಿತು, ಇಳಿಯಿತು. ಇಳಕಲಿನ ನಡುವೆ ಚಾಚಾ ಬೇಕೆಂದೇ ಬ್ರೇಕ್ ಒತ್ತಿದರು. ಗಾಡಿ ನಿಂತಿತು. ಹಿಂದಿನಿಂದ ಒಂದು ಸಣ್ಣ ಸರಪಳಿ ಸದ್ದು ಬಂತು. ಜನರೇಟರ್ ನೂಕಲಿಲ್ಲ.

ಅವರು ಹ್ಯಾಂಡ್‌ಬ್ರೇಕ್ ಎಳೆದು, ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟು, ಕೈಯ ಮೇಲೆ ಹಣೆ ಇಟ್ಟರು. ಅಳುತ್ತಿದ್ದಾರೆ ಅಂದುಕೊಂಡೆ. ನಗುತ್ತಿದ್ದರು. ಮೊದಲು ಸದ್ದಿಲ್ಲದೆ, ಆಮೇಲೆ ಹೆಗಲು ಕುಣಿಯುವ ಹಾಗೆ. "ಕೆಸರಿತ್ತಂತ" ಎಂದರು. "ಮೊಳಕಾಲ ಮಟ ಕೆಸರು." ಚಾಚಿಯೂ ನಕ್ಕರು. ಗೇಟಿನವನು ಕಿಟಕಿಯ ಹತ್ತಿರ ಬಂದು, "ಏನಾತ್ರಿ?" ಎಂದು ಕೇಳಿದ.

"ತಮ್ಮಾ" ಎಂದರು ಚಾಚಾ ಕಣ್ಣೊರೆಸಿಕೊಂಡು, "ಇನ್ನೊಮ್ಮಿ ದಾಟೂಣೇನು?"

ಆ ಗಾಡಿಯನ್ನೇ ತೆಗೆದುಕೊಂಡರು. ಮಾಲಕರು ತಾವೇ ಚಹಾ ತರಿಸಿದರು. ಗಾಡಿಗೆ ಮನೆಯಲ್ಲಿ ಫಾತೆಹಾ ಓದಿಸಿದರು, ಗಾಲಿಯ ಕೆಳಗೆ ಲಿಂಬೆಹಣ್ಣೂ ಇಟ್ಟರು. ಹಸಿರು ಪಿಕಪ್ಪನ್ನು ಮಾರಲಿಲ್ಲ, ಶಾಮಿಯಾನದ ಗಳ ಸಾಗಿಸಲು ಇಟ್ಟುಕೊಂಡರು. ಅವರ ಕಂಪನಿಯ ಹೊಸ ಗಾಡಿ ಆಮೇಲೆ ಬಂತು. ಚೆನ್ನಾಗಿಯೇ ಇತ್ತು. ಚಾಚಾ ಹೋಗಿ ನೋಡಿ ಬಂದು, ನನ್ನ ಮುಂದೆ ಅದನ್ನು ಹೊಗಳಿದರು. ನನಗೆ ಬೇಸರವಾಗಲಿಲ್ಲ. ಆ ಹೊಗಳಿಕೆಯಲ್ಲಿ ಹಿಂದಿನ ಬಿಗುವು ಇರಲಿಲ್ಲ.

ಎರಡು ವರ್ಷದ ಮೇಲೆ ನಾನು ಆ ಕೆಲಸ ಬಿಟ್ಟು ರಾಣೆಬೆನ್ನೂರಿನಲ್ಲೇ ಗಾಡಿಯ ಬಿಡಿ ಭಾಗಗಳ ಅಂಗಡಿ ಹಾಕಿದೆ. ಕೂತಲ್ಲೇ ಕೂತು ವ್ಯಾಪಾರ. ಹಾವೇರಿಗೆ ಹೋಗುವುದು ಕಡಿಮೆಯಾಯಿತು. ಚಾಚಾ ಸಿಗುವುದೂ ಕಡಿಮೆಯಾಯಿತು. ಹಾಗಾಗಿ ಅಗಡಿಯ ಮದುವೆಯಲ್ಲಿ ಅವರು ಬಿಟ್ಟರೆಂಬ ಸುದ್ದಿ ಕೇಳಿ ಊಟ ಸೇರಲಿಲ್ಲ. ಅಲ್ಲಿಂದ ನೇರ ಅವರ ಮನೆಗೇ ಹೋದೆ. ಇಷ್ಟು ಬೇಗ ಬಿಡುವ ಮನುಷ್ಯ ಅವರಲ್ಲ, ಏನೋ ಆಗಿರಬೇಕು ಎಂದು ದಾರಿಯುದ್ದಕ್ಕೂ ಅನಿಸುತ್ತಿತ್ತು.

ಹಿತ್ತಲು ಖಾಲಿ ಇತ್ತು. ಒಳಗೆ ಪಡಸಾಲೆಯಲ್ಲಿ ಚಾಚಿ ಮಂಚದ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು, ಮೊದಲಿಗಿಂತ ಸೊರಗಿದ್ದರು. ಚಾಚಾ ಒಳಗಿನಿಂದ ಚಹಾ ತಂದರು, ತಾವೇ ಮಾಡಿದ್ದು, ಸಕ್ಕರೆ ಜಾಸ್ತಿ. ಆಗ ತಿಳಿಯಿತು. ಒಂದು ಮಧ್ಯಾಹ್ನ ಚಾಚಿಗೆ ಎದೆ ಹಿಡಿದುಕೊಂಡಿತ್ತು. ಚಾಚಾ ಮನೆಯಲ್ಲಿದ್ದರು, ಗಾಡಿ ಆಗ ಆಳಿನ ಕೈಯಲ್ಲಿ ಕೆಲಸದ ಮೇಲೆ ಎಲ್ಲೋ ಇತ್ತು. ರಸ್ತೆಗೆ ಓಡಿ, ಮೊದಲು ಬಂದ ಗಾಡಿಗೆ ಕೈ ಮಾಡಿ, ಹುಬ್ಬಳ್ಳಿಗೆ ಕರೆದುಕೊಂಡು ಹೋಗಿದ್ದರು. ಡಾಕ್ಟರರು ಹೊತ್ತಿಗೆ ಸರಿಯಾಗಿ ತಂದಿರಿ ಎಂದರಂತೆ. ಈಗ ಗುಳಿಗೆ ನಡೆದಿದೆ, ಮೆಟ್ಟಿಲು ಹತ್ತಬಾರದು, ಉಳಿದದ್ದೆಲ್ಲ ಆರಾಮ. ಇನ್ನು ಮನೆಯಲ್ಲೇ ಇರಬೇಕೆಂದು ಚಾಚಾ ಕೆಲಸ ಬಿಟ್ಟಿದ್ದರು.

ಚಹಾ ಕುಡಿದೆ. ಬಹಳ ದಿನ ಗಾಡಿ ಮಾರಿದವನ ಚಟ, ಕೇಳಿದೆ.

"ಹುಬ್ಬಳ್ಳಿಗೆ ಯಾವ ಗಾಡ್ಯಾಗ ಹೋದ್ರಿ ಚಾಚಾ?"

ಅವರು ಬಸಿ ಕೆಳಗಿಟ್ಟು ನೆನಪು ಮಾಡಿಕೊಂಡರು. ಹೆಂಡತಿಯ ಕಡೆ ನೋಡಿದರು. ಚಾಚಿಯೂ ಗೊತ್ತಿಲ್ಲವೆಂದು ತಲೆಯಾಡಿಸಿದರು.

"ಯಾವುದೋ ಬಿಳೇದಿತ್ತು" ಎಂದರು ಚಾಚಾ.